ಅಂಬಾಸಿಡರ್‌ಗೆ ಎಲೆಕ್ಟ್ರಾನಿಕ್ ಇಗ್ನಿಷನ್: ಹಾಕಿಸಿ, ಆದರೆ ಮೊದಲು ಡಿಸ್ಟ್ರಿಬ್ಯೂಟರ್ ನೋಡಿ

ಪ್ರಶ್ನೆ: ನಮ್ಮ ತಂದೆಯವರ 1972ರ ಅಂಬಾಸಿಡರ್ ಮಾರ್ಕ್ 2 ಈಗ ನನ್ನ ಹತ್ತಿರ ಇದೆ. ಊರು ಬೀದರ್. ಆಗಾಗ ಹುಮನಾಬಾದ್ ಮೇಲೆ ಕಲಬುರಗಿಗೆ ಹೋಗಿ ಬರುತ್ತೇನೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುವ ಗಾಡಿ ಬೇಸಿಗೆಯ ಮಧ್ಯಾಹ್ನ ಮಿಸ್ಸಿಂಗ್ ಹೊಡೆಯುತ್ತದೆ. ಕಳೆದ ಮೇ ತಿಂಗಳಲ್ಲಿ ಕಮಲಾಪುರದ ಹತ್ತಿರ ನಿಂತೇಬಿಟ್ಟಿತು. ಗಂಟೆ ಹೊತ್ತು ಬಿಟ್ಟ ಮೇಲೆ ಏನೂ ಆಗಿಲ್ಲದಂತೆ ಸ್ಟಾರ್ಟ್ ಆಯಿತು. ಪಾಯಿಂಟ್ ಸೆಟ್ ಮಾಡಿಕೊಡುತ್ತಿದ್ದ ಹಳೆಯ ಮಿಸ್ತ್ರಿ ಈಗ ಕೆಲಸ ಬಿಟ್ಟಿದ್ದಾರೆ, ಹೊಸ ಹುಡುಗರಿಗೆ ಅದು ಗೊತ್ತಿಲ್ಲ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ಈ ಕಾಟ ತಪ್ಪುತ್ತದೆಯೇ? ಮುಂದೆ ವಿಂಟೇಜ್ ನೋಂದಣಿ ಮಾಡಿಸಬೇಕೆಂದರೆ ಅಡ್ಡಿ ಆಗುತ್ತದೆಯೇ?

ಉತ್ತರ: ಹಾಕಿಸಿ. ಪಾಯಿಂಟ್ ಸೆಟ್ ಮಾಡುವವರು ಸಿಗದ ಕಡೆ, ನೂರು ಕಿಲೋಮೀಟರ್‌ಗಿಂತ ದೂರ ಓಡಾಡುವ ಗಾಡಿಗೆ ಅದು ಸರಿಯಾದ ನಿರ್ಧಾರ. ಆದರೆ ಕಮಲಾಪುರದಲ್ಲಿ ಗಾಡಿ ನಿಂತದ್ದು ಪಾಯಿಂಟ್ ದೆಸೆಯಿಂದಲೇ ಅಂತ ಇನ್ನೂ ಖಾತ್ರಿ ಆಗಿಲ್ಲ, ಅಲ್ವಾ? ಅದನ್ನು ಪತ್ತೆ ಮಾಡದೆ ಕಿಟ್ ಕೊಂಡರೆ ದುಡ್ಡು ಹೋಗುತ್ತದೆ, ತೊಂದರೆ ಉಳಿಯುತ್ತದೆ.

ಈ ಕಿಟ್ ಬದಲಿಸುವುದು ಎರಡೇ ಸಾಮಾನು: ಸಿಬಿ ಪಾಯಿಂಟ್, ಅಂದರೆ ಕಾಯಿಲ್‌ನ ಕರೆಂಟ್ ಕಡಿದು ಸ್ಪಾರ್ಕ್ ಹುಟ್ಟಿಸುವ ಸಣ್ಣ ಸ್ವಿಚ್, ಮತ್ತು ಅದರ ಜೊತೆಗಿನ ಕಂಡೆನ್ಸರ್. ಎರಡೂ ಇರುವುದು ಡಿಸ್ಟ್ರಿಬ್ಯೂಟರ್ ಒಳಗೆ, ಅಂದರೆ ಪ್ಲಗ್‌ಗಳಿಗೆ ಸರದಿಯಂತೆ ಸ್ಪಾರ್ಕ್ ಹಂಚುವ ಸಾಧನದಲ್ಲಿ. ಕಾಯಿಲ್ (ಬ್ಯಾಟರಿ ವೋಲ್ಟೇಜನ್ನು ಸ್ಪಾರ್ಕ್‌ಗೆ ಬೇಕಾದಷ್ಟು ಏರಿಸುವುದು), ಡಿಸ್ಟ್ರಿಬ್ಯೂಟರ್ ಕ್ಯಾಪ್, ಅದರೊಳಗೆ ತಿರುಗುವ ರೋಟರ್, ಪ್ಲಗ್‌ಗೆ ಹೋಗುವ ಎಚ್‌ಟಿ ವೈರ್, ಪ್ಲಗ್, ಡಿಸ್ಟ್ರಿಬ್ಯೂಟರ್ ಶಾಫ್ಟ್, ಅದರ ಬುಶ್, ಅಡ್ವಾನ್ಸ್ ತೂಕಗಳು, ಸ್ಪ್ರಿಂಗ್ ಎಲ್ಲ ಹಳೆಯವೇ ಇರುತ್ತವೆ. ಪೆಟ್ರೋಲ್ ಕಡೆಯ ಮಾತಂತೂ ಬೇರೆಯೇ. ಹಾಗಾಗಿ ಮೊದಲು ಬಿಸಿಗೆ ನಿಲ್ಲುವ ರೋಗ ಎಲ್ಲಿದೆ ಅಂತ ನೋಡೋಣ.

ಬಿಸಿಯಲ್ಲಿ ನಿಂತು, ತಣ್ಣಗಾದ ಮೇಲೆ ತಾನೇ ಸ್ಟಾರ್ಟ್ ಆಗುವ ಹಳೆಯ ಗಾಡಿಯಲ್ಲಿ ನಾನು ಮೂರು ಕಡೆ ಅನುಮಾನ ಪಡುತ್ತೇನೆ. ಕಂಡೆನ್ಸರ್, ಕಾಯಿಲ್, ಇಲ್ಲವೇ ಪೈಪಿನಲ್ಲಿ ಆವಿಯಾದ ಪೆಟ್ರೋಲ್. ನಮ್ಮ ಕಡೆ ಮೇ ತಿಂಗಳಲ್ಲಿ ಹೊರಗೇ 42–43 ಡಿಗ್ರಿ ಇರುತ್ತದೆ, ಬಾನೆಟ್ ಒಳಗಿನ ಬಿಸಿ ಅದಕ್ಕಿಂತ ಎಷ್ಟೋ ಜಾಸ್ತಿ. ಆ ಬಿಸಿಯಲ್ಲಿ ಮೂರಕ್ಕೂ ಲಕ್ಷಣ ಹೆಚ್ಚುಕಡಿಮೆ ಒಂದೇ. ಬೇರ್ಪಡಿಸಲು ಒಂದೇ ದಾರಿ: ಗಾಡಿ ನಿಂತ ಕ್ಷಣದಲ್ಲೇ ಸ್ಪಾರ್ಕ್ ಇದೆಯೇ ನೋಡಬೇಕು. ತಣ್ಣಗಾದ ಮೇಲೆ ಗ್ಯಾರೇಜಿನಲ್ಲಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಡಿಕ್ಕಿಯಲ್ಲಿ ಒಂದು ಚೊಕ್ಕ ಪ್ಲಗ್ ಇಟ್ಟುಕೊಳ್ಳಿ. ಗಾಡಿ ನಿಂತಾಗ ಒಂದು ಪ್ಲಗ್ ವೈರ್ ತೆಗೆದು ಈ ಪ್ಲಗ್‌ಗೆ ಸಿಕ್ಕಿಸಿ. ಪ್ಲಗ್‌ನ ಲೋಹದ ಮೈ ಎಂಜಿನ್‌ಗೆ ಗಟ್ಟಿಯಾಗಿ ತಾಗುವಂತೆ ಇಡಿ, ಕೈಯಲ್ಲಿ ಹಿಡಿಯಬೇಡಿ. ಕಾರ್ಬ್ಯುರೇಟರ್‌ನಿಂದ ದೂರ ಇರಲಿ, ಪೆಟ್ರೋಲ್ ಸೋರುತ್ತಿದ್ದರೆ ಈ ಪರೀಕ್ಷೆ ಮಾಡಲೇಬೇಡಿ. ಜೊತೆಯಲ್ಲಿದ್ದವರಿಗೆ ಸೆಲ್ಫ್ ಹೊಡೆಯಲು ಹೇಳಿ. ಮಧ್ಯಾಹ್ನದ ಬಿಸಿಲಲ್ಲಿ ಸ್ಪಾರ್ಕ್ ಕಣ್ಣಿಗೆ ಕಾಣುವುದಿಲ್ಲ, ಟವೆಲ್ ಅಡ್ಡ ಹಿಡಿದು ನೆರಳು ಮಾಡಿ ನೋಡಿ. ಚಟ್ ಚಟ್ ಅಂತ ನೀಲಿ ಸ್ಪಾರ್ಕ್ ಬಂದರೆ ಇಗ್ನಿಷನ್ ಸರಿ ಇದೆ, ತೊಂದರೆ ಪೆಟ್ರೋಲ್ ಕಡೆ. ಸ್ಪಾರ್ಕ್ ಇಲ್ಲ, ಅಥವಾ ಹಳದಿಯಾಗಿ ಸಣ್ಣಗೆ ಬರುತ್ತಿದೆ ಅಂದರೆ ಇಗ್ನಿಷನ್ ಕಡೆ.

ಪೆಟ್ರೋಲ್ ಕಡೆ ಅಂತ ಗೊತ್ತಾದರೆ ಪೆಟ್ರೋಲ್ ಪಂಪ್ ಮೇಲೆ, ಪೈಪಿನ ಮೇಲೆ ಒದ್ದೆ ಬಟ್ಟೆ ಹಾಕಿ. ಗಂಟೆ ಕಾಯುವ ಬದಲು ಸ್ವಲ್ಪ ಹೊತ್ತಿಗೇ ಸ್ಟಾರ್ಟ್ ಆದರೆ ಅದು ವೇಪರ್ ಲಾಕ್, ಅಂದರೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ತಡೆಯಾದದ್ದು. ಪೈಪ್ ಎಕ್ಸಾಸ್ಟ್ ಹತ್ತಿರ ಹಾದುಹೋಗಿದ್ದರೆ ದೂರ ಸರಿಸಿ, ನಡುವೆ ತಗಡಿನ ತಡೆ ಹಾಕಿಸಿ. ಇನ್ನೊಂದು ವಿಷಯ. ಈಗ ಬಂಕ್‌ನಲ್ಲಿ ಸಿಗುವುದು ಎಥೆನಾಲ್ ಬೆರೆತ ಪೆಟ್ರೋಲ್. 1972ರ ಕಾಲದ ರಬ್ಬರ್ ಪೈಪ್, ಪಂಪಿನ ಡಯಾಫ್ರಮ್ ಅದಕ್ಕಾಗಿ ಮಾಡಿದ್ದಲ್ಲ. ಅವು ಮೆತ್ತಗಾಗಿ ಬಿರುಕು ಬಿಡುತ್ತವೆ. ಎಥೆನಾಲ್ ತಾಳುವ ಪೈಪ್ ಮತ್ತು ಪಂಪ್ ಕಿಟ್ ಹಾಕಿಸಿ. ಇದನ್ನು ಇಗ್ನಿಷನ್‌ಗಿಂತ ಮೊದಲು ಮಾಡಿಸಿ ಅಂತಲೇ ಹೇಳುತ್ತೇನೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರುವುದು ಬರೀ ನಿಂತುಹೋಗುವ ತೊಂದರೆಯಲ್ಲ, ಬೆಂಕಿಯ ಮಾತು.

ಸ್ಪಾರ್ಕ್ ಇಲ್ಲದಿದ್ದರೆ ನನ್ನ ಮೊದಲ ಅನುಮಾನ ಕಂಡೆನ್ಸರ್ ಮೇಲೆ. ಪಾಯಿಂಟ್ ತೆರೆದುಕೊಳ್ಳುವಾಗ ಕರೆಂಟ್ ಜಿಗಿಯದಂತೆ ತಡೆಯುವುದು ಅದರ ಕೆಲಸ. ಡಿಸ್ಟ್ರಿಬ್ಯೂಟರ್ ಒಳಗೆ ಕೂತಿರುವುದರಿಂದ ಎಂಜಿನ್ ಬಿಸಿಯೆಲ್ಲ ಅದಕ್ಕೆ ತಾಗುತ್ತದೆ. ಒಳಗಿನ ಇನ್ಸುಲೇಷನ್ ಬಿಸಿಗೆ ಸೋತರೆ ಸ್ಪಾರ್ಕ್ ಸಾಯುತ್ತದೆ, ತಣ್ಣಗಾದರೆ ಮತ್ತೆ ಬದುಕುತ್ತದೆ. ಸಂಜೆ ಕತ್ತಲಲ್ಲಿ ಕ್ಯಾಪ್ ತೆಗೆದು, ಸೆಲ್ಫ್ ಹೊಡೆದು ಪಾಯಿಂಟ್ ನೋಡಿ. ಸಣ್ಣ ನೀಲಿ ಕಿಡಿ ಇರುವುದು ಸಹಜ. ದೊಡ್ಡದಾಗಿ ಹಳದಿ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಹೋಗಿದೆ. ಪಾಯಿಂಟ್‌ನ ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಗುಬುಟು ಎದ್ದಿದ್ದರೂ ಕಂಡೆನ್ಸರ್ ಕಡೆ ನೋಡಿ. ಈಗ ಅಂಗಡಿಯಲ್ಲಿ ಸಿಗುವ ಹೊಸ ಕಂಡೆನ್ಸರ್‌ಗಳಲ್ಲಿ ಎಷ್ಟೋ ಹಳೆಯದರ ಗುಣಮಟ್ಟಕ್ಕೆ ಬರುವುದಿಲ್ಲ. ಹೊಸದು ಹಾಕಿಸಿದ್ದೇನೆ, ಅದು ಇರಲಾರದು ಅಂತ ಬಿಟ್ಟುಬಿಡಬೇಡಿ. ಎಲೆಕ್ಟ್ರಾನಿಕ್ ಕಿಟ್ ಹಾಕಿಸಿ ಅಂತ ನಾನು ಹೇಳುವುದಕ್ಕೆ ಇರುವ ದೊಡ್ಡ ಕಾರಣಗಳಲ್ಲಿ ಇದೂ ಒಂದು: ಕಂಡೆನ್ಸರ್ ಎಂಬ ಸಾಮಾನೇ ಹೋಗುತ್ತದೆ.

ಕಾಯಿಲ್ ನೋಡಲು ಮಲ್ಟಿಮೀಟರ್ ಸಾಕು. ಅದರ ಎರಡು ಸಣ್ಣ ಟರ್ಮಿನಲ್‌ಗಳ ವೈರ್ ಬಿಚ್ಚಿ ನಡುವೆ ಓಮ್ಸ್ ಅಳೆಯಿರಿ. ಸಾಮಾನ್ಯ 12 ವೋಲ್ಟ್ ಕಾಯಿಲ್‌ನಲ್ಲಿ ಸುಮಾರು 3 ಓಮ್ಸ್ ಬರಬೇಕು. ಸುಮಾರು 1.5 ಬಂದರೆ ಅದು ಬ್ಯಾಲಾಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ಸಾಮಾನು) ಜೊತೆ ಹಾಕುವ ಕಾಯಿಲ್. ತಣ್ಣಗಿದ್ದಾಗ ಒಮ್ಮೆ, ಗಾಡಿ ನಿಂತ ಕೂಡಲೇ ಬಿಸಿಯಲ್ಲಿ ಇನ್ನೊಮ್ಮೆ ಅಳೆಯಿರಿ. ಬಿಸಿಯಲ್ಲಿ ಸ್ವಲ್ಪ ಏರುವುದು ಸರಿ. ಮೀಟರ್ ಏನೂ ತೋರಿಸದಿದ್ದರೆ ಒಳಗಿನ ತಂತಿ ಬಿಟ್ಟಿದೆ. ಈ ಅಂಕಿ ಬರೆದಿಡಿ, ಕಿಟ್ ಕೊಳ್ಳುವಾಗ ಬೇಕಾಗುತ್ತದೆ.

ಈಗ ಪಾಯಿಂಟ್ ಏಕೆ ಪದೇ ಪದೇ ಕೈಕೊಡುತ್ತದೆ ಅಂತ ನೋಡಿ. ನಿಮ್ಮದು ನಾಲ್ಕು ಸಿಲಿಂಡರ್‌ನ 1489 ಸಿಸಿ ಎಂಜಿನ್. 3000 ಆರ್‌ಪಿಎಂನಲ್ಲಿ ಓಡುವಾಗ ನಿಮಿಷಕ್ಕೆ 6000 ಸ್ಪಾರ್ಕ್ ಬೇಕು. ಅಂದರೆ ಸೆಕೆಂಡಿಗೆ 100 ಸಲ ಪಾಯಿಂಟ್ ಮುಚ್ಚಿ ತೆರೆಯಬೇಕು, ಪ್ರತಿ ಸಲ ಸುಮಾರು 4 ಆಂಪಿಯರ್ ಕರೆಂಟ್ ಕಡಿಯಬೇಕು. ಪಾಯಿಂಟ್‌ನ ಫೈಬರ್ ಹಿಮ್ಮಡಿ ಶಾಫ್ಟಿನ ಕ್ಯಾಮ್ ಮೇಲೆ ಉಜ್ಜುತ್ತಲೇ ಇರುತ್ತದೆ. ಅದು ಸವೆದಷ್ಟೂ ಗ್ಯಾಪ್ ಕಡಿಮೆಯಾಗುತ್ತದೆ. ಗ್ಯಾಪ್ ಕಡಿಮೆಯಾದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್, ಅಂದರೆ ಸ್ಪಾರ್ಕ್ ಬರುವ ಹೊತ್ತು, ಹಿಂದೆ ಬೀಳುತ್ತದೆ. ಪಾಯಿಂಟ್ ಮುಚ್ಚಿರುವ ಕೋನಕ್ಕೆ ಡ್ವೆಲ್ ಅನ್ನುತ್ತಾರೆ. ಡ್ವೆಲ್ ಒಂದು ಡಿಗ್ರಿ ಜಾಸ್ತಿಯಾದರೆ ಕ್ರ್ಯಾಂಕ್ ಲೆಕ್ಕದಲ್ಲಿ ಟೈಮಿಂಗ್ ಒಂದು ಡಿಗ್ರಿ ಹಿಂದೆ ಹೋಗುತ್ತದೆ. ಟೈಮಿಂಗ್ ಹಿಂದೆ ಬಿದ್ದ ಗಾಡಿಯಲ್ಲಿ ಪಿಕಪ್ ಇರುವುದಿಲ್ಲ, ಎಂಜಿನ್ ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ಅದು ಇನ್ನಷ್ಟು ಕಾಡುತ್ತದೆ. ನಿಮ್ಮ ಹಳೆಯ ಮಿಸ್ತ್ರಿ ಫೀಲರ್ ಗೇಜ್ ಹಿಡಿದು 14ರಿಂದ 16 ಥೌ, ಅಂದರೆ 0.35ರಿಂದ 0.40 ಮಿಲಿಮೀಟರ್ ಗ್ಯಾಪ್ ಇಡುತ್ತಿದ್ದದ್ದು ಈ ಸವಕಳಿಯನ್ನು ಸರಿದೂಗಿಸಲು.

ಎಲೆಕ್ಟ್ರಾನಿಕ್ ಕಿಟ್‌ನಲ್ಲಿ ಉಜ್ಜುವ ಭಾಗವೇ ಇಲ್ಲ. ಕ್ಯಾಮ್ ಮೇಲೆ ನಾಲ್ಕು ಅಯಸ್ಕಾಂತ ಇರುವ ಒಂದು ಬಳೆ ಕೂರುತ್ತದೆ. ಪಾಯಿಂಟ್ ಇದ್ದ ಜಾಗದಲ್ಲಿ ಸಣ್ಣ ಮಾಡ್ಯೂಲ್. ಅದರೊಳಗಿನ ಹಾಲ್ ಸೆನ್ಸರ್ ಪ್ರತಿ ಅಯಸ್ಕಾಂತ ಹಾದುಹೋದಾಗ ಗುರುತಿಸಿ, ಟ್ರಾನ್ಸಿಸ್ಟರ್ ಮೂಲಕ ಕಾಯಿಲ್ ಕರೆಂಟ್ ಕಡಿಯುತ್ತದೆ. ಸವೆತವಿಲ್ಲ, ಹಾಗಾಗಿ ಒಮ್ಮೆ ಇಟ್ಟ ಟೈಮಿಂಗ್ ಕದಲುವುದಿಲ್ಲ. ನಿಮಗೆ ಸಿಗುವ ಲಾಭ ಇದು. ಇದೇ ಕಾಯಿಲ್ ಇಟ್ಟುಕೊಂಡು ಮೈಲೇಜ್ ಬಹಳ ಏರುತ್ತದೆ, ಪಿಕಪ್ ಎರಡು ಪಟ್ಟಾಗುತ್ತದೆ ಅಂತ ಮಾರುವವರು ಹೇಳಿದರೆ ನಂಬಬೇಡಿ. ಹೊಸದಾಗಿ ಸರಿಯಾಗಿ ಸೆಟ್ ಮಾಡಿದ ಪಾಯಿಂಟ್ ಕೊಡುವ ಸ್ಪಾರ್ಕೇ ಇದೂ ಕೊಡುತ್ತದೆ. ವ್ಯತ್ಯಾಸ ಏನೆಂದರೆ ತಿಂಗಳುಗಟ್ಟಲೆ ಹಾಗೇ ಕೊಡುತ್ತಿರುತ್ತದೆ.

ಇನ್ನು ಡಿಸ್ಟ್ರಿಬ್ಯೂಟರ್. ಇಲ್ಲಿ ನಿಧಾನವಾಗಿ ಕೆಲಸ ಮಾಡಿ. ಐವತ್ತು ವರ್ಷ ದಾಟಿದ ಡಿಸ್ಟ್ರಿಬ್ಯೂಟರ್‌ಗೆ ನೇರವಾಗಿ ಮಾಡ್ಯೂಲ್ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಕ್ಯಾಪ್ ತೆಗೆದು ಶಾಫ್ಟ್ ತುದಿಯನ್ನು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಕೈಗೆ ಗೊತ್ತಾಗುವಷ್ಟು ಪ್ಲೇ ಇದ್ದರೆ ಬುಶ್ ಹೋಗಿದೆ. ಪಾಯಿಂಟ್‌ಗಿಂತ ಅಯಸ್ಕಾಂತ ಈ ಅಲುಗಾಟವನ್ನು ಹೆಚ್ಚು ಸಹಿಸುತ್ತದೆ, ಆದರೆ ತುಂಬಾ ಇದ್ದರೆ ಬಳೆ ಮಾಡ್ಯೂಲ್‌ಗೆ ಬಡಿದು ಒಡೆಯುತ್ತದೆ. ಲೇತ್ ಕೆಲಸದವರ ಹತ್ತಿರ ಹೊಸ ಬುಶ್ ಹಾಕಿಸಬಹುದು. ಕಲಬುರಗಿಯಲ್ಲಿ ಆ ಕೈಚಳಕ ಇರುವವರು ಇನ್ನೂ ಇದ್ದಾರೆ.

ಆಮೇಲೆ ರೋಟರ್ ಹಿಡಿದು ಅದು ತಿರುಗುವ ದಿಕ್ಕಿಗೆ ಸ್ವಲ್ಪ ತಿರುಗಿಸಿ ಬಿಡಿ. ಟಕ್ ಅಂತ ವಾಪಸ್ ಬರಬೇಕು. ಬರದಿದ್ದರೆ ಕೆಳಗಿನ ಅಡ್ವಾನ್ಸ್ ತೂಕಗಳು ಹಳೆಯ ಗ್ರೀಸ್‌ನಲ್ಲಿ ಅಂಟಿಕೊಂಡಿವೆ, ಅಥವಾ ಸ್ಪ್ರಿಂಗ್ ಸಡಿಲಾಗಿದೆ. ಎಂಜಿನ್ ವೇಗ ಏರಿದಂತೆ ಟೈಮಿಂಗ್ ಮುಂದೆ ತರುವುದು ಈ ತೂಕಗಳೇ. ಮಾಡ್ಯೂಲ್ ಅದನ್ನು ಮಾಡುವುದಿಲ್ಲ. ಪಿಕಪ್ ಇಲ್ಲದ ಗಾಡಿಗೆ ಕಿಟ್ ಹಾಕಿಸಿ ಏನೂ ಬದಲಾಗಲಿಲ್ಲ ಅನ್ನುವವರ ತೊಂದರೆ ಬಹಳ ಸಲ ಇಲ್ಲಿರುತ್ತದೆ. ಡಿಸ್ಟ್ರಿಬ್ಯೂಟರ್‌ಗೆ ಬರುವ ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿಂದ ಎಳೆದು ನೋಡಿ. ಒಳಗಿನ ಪ್ಲೇಟ್ ಸರಿಯಬೇಕು, ಹಿಡಿದಿಟ್ಟರೆ ಹಾಗೇ ನಿಲ್ಲಬೇಕು. ಪ್ಲೇಟ್‌ನಿಂದ ಡಿಸ್ಟ್ರಿಬ್ಯೂಟರ್ ಮೈಗೆ ಒಂದು ಸಣ್ಣ ಹೆಣೆದ ಅರ್ಥಿಂಗ್ ವೈರ್ ಇರುತ್ತದೆ. ಬಟ್ಟೆಯ ಕವಚದೊಳಗೆ ಅದು ತುಂಡಾಗಿರುವುದು ಕಣ್ಣಿಗೆ ಕಾಣುವುದಿಲ್ಲ. ಸುಮ್ನೆ ಬದಲಿಸಿಬಿಡಿ. ಮಾಡ್ಯೂಲ್‌ಗೆ ಒಳ್ಳೆಯ ಅರ್ಥಿಂಗ್ ಬೇಕೇ ಬೇಕು.

ಕ್ಯಾಪ್ ಒಳಗೆ ಕೂದಲೆಳೆಯಂಥ ಕಪ್ಪು ಗೆರೆ ಇದ್ದರೆ ಕರೆಂಟ್ ಅಲ್ಲಿ ಹರಿಯುತ್ತಿದೆ, ಕ್ಯಾಪ್ ಎಸೆಯಿರಿ. ನಡುವಿನ ಕಾರ್ಬನ್ ಬ್ರಶ್ ಸ್ಪ್ರಿಂಗ್‌ನಲ್ಲಿ ಆಡಬೇಕು. ರೋಟರ್ ಒಳ್ಳೆಯದು ಹುಡುಕಿ ಹಾಕಿ. ಹಿತ್ತಾಳೆ ತಗಡನ್ನು ರಿವೆಟ್ ಹೊಡೆದು ಕೂರಿಸಿದ ಅಗ್ಗದ ರೋಟರ್‌ಗಳಲ್ಲಿ ಕರೆಂಟ್ ರಿವೆಟ್ ಮೂಲಕ ಶಾಫ್ಟಿಗೆ ಇಳಿದುಬಿಡುತ್ತದೆ. ಅದೂ ಬಿಸಿಯಾದಾಗಲೇ ಜಾಸ್ತಿ.

ಕಿಟ್ ಕೊಳ್ಳುವ ಮೊದಲು ತಿಳಿಯಬೇಕಾದದ್ದು ಎಲ್ಲಕ್ಕಿಂತ ಮುಖ್ಯವಾಗಿ ಅರ್ಥಿಂಗ್. ಬ್ಯಾಟರಿಯ ಯಾವ ಟರ್ಮಿನಲ್ ಬಾಡಿಗೆ ಹೋಗಿದೆ ನೋಡಿ. ಬ್ರಿಟಿಷ್ ಮೂಲದ ಹಳೆಯ ಗಾಡಿಗಳಲ್ಲಿ ಪ್ಲಸ್ ಬಾಡಿಗೆ ಇರುವುದು ಸಾಮಾನ್ಯವಾಗಿತ್ತು. ಅಂಬಾಸಿಡರ್ ಮೂಲ ಮಾರಿಸ್ ಆಕ್ಸ್‌ಫರ್ಡ್ ಸರಣಿ 3 ಹಾಗೇ ಇತ್ತು. ನಿಮ್ಮದು ಹೇಗಿದೆ ಅಂತ ಕಣ್ಣಾರೆ ನೋಡಿ. ನಡುವೆ ಯಾರೋ ಬದಲಿಸಿರಲೂಬಹುದು. ಮೈನಸ್ ಅರ್ಥಿಂಗ್ ಮಾಡ್ಯೂಲ್ ಅನ್ನು ಪ್ಲಸ್ ಅರ್ಥಿಂಗ್ ಗಾಡಿಗೆ ಹಾಕಿ ಕೀ ತಿರುಗಿಸಿದರೆ ಅದು ಆ ಕ್ಷಣವೇ ಸತ್ತಂತೆ. ಹಳೆಯ ಲ್ಯೂಕಾಸ್ ಕಾಯಿಲ್ ಮೇಲೆ ಪ್ಲಸ್ ಮೈನಸ್ ಬದಲು ಎಸ್‌ಡಬ್ಲ್ಯೂ, ಸಿಬಿ ಅಂತ ಬರೆದಿರುತ್ತದೆ. ಎಸ್‌ಡಬ್ಲ್ಯೂ ಅಂದರೆ ಕೀ ಕಡೆಯ ವೈರ್, ಸಿಬಿ ಅಂದರೆ ಡಿಸ್ಟ್ರಿಬ್ಯೂಟರ್ ಕಡೆಯದು. ಡಿಸ್ಟ್ರಿಬ್ಯೂಟರ್ ಮೈ ಮೇಲೆ ಮಾದರಿ ನಂಬರ್ ಕೊರೆದಿರುತ್ತದೆ. ಡಿಎಂ2, 25ಡಿ4, 45ಡಿ4 ಇವೆಲ್ಲ ಲ್ಯೂಕಾಸ್ ಮಾದರಿಗಳು, ಒಂದರ ಕಿಟ್ ಇನ್ನೊಂದಕ್ಕೆ ಕೂರದಿರಬಹುದು. ಅಂಗಡಿಯವರಿಗೆ ಅಂಬಾಸಿಡರ್ ಕಿಟ್ ಕೊಡಿ ಅಂದರೆ ಸಾಲದು, ನಂಬರ್ ಹೇಳಿ ಕೇಳಿ. ಮಾಡ್ಯೂಲ್‌ಗೆ ಕನಿಷ್ಠ ಎಷ್ಟು ಓಮ್ಸ್ ಕಾಯಿಲ್ ಬೇಕು ಅಂತ ಅದರ ಚೀಟಿಯಲ್ಲಿ ಇರುತ್ತದೆ. ನೀವು ಬರೆದಿಟ್ಟ ಅಂಕಿಗೆ ಹೋಲಿಸಿ. ಅದಕ್ಕಿಂತ ಕಡಿಮೆ ಓಮ್ಸ್ ಇದ್ದರೆ ಕರೆಂಟ್ ಜಾಸ್ತಿ ಹರಿದು ಮಾಡ್ಯೂಲ್ ಸುಡುತ್ತದೆ.

ಎಚ್‌ಟಿ ವೈರ್ ತಾಮ್ರದ ತಂತಿಯದಾಗಿದ್ದು, ಸಪ್ರೆಸರ್ ಕ್ಯಾಪ್ ಇಲ್ಲದಿದ್ದರೆ ಅದರ ರೇಡಿಯೊ ಗದ್ದಲ ಮಾಡ್ಯೂಲ್ ಅನ್ನು ತಪ್ಪುದಾರಿಗೆ ಎಳೆಯುತ್ತದೆ. ಕಾರ್ಬನ್ ಕೋರ್ ವೈರ್ ಹಾಕಿಸಿ.

ಜೋಡಿಸುವ ಕೆಲಸ ಕಷ್ಟದ್ದಲ್ಲ. ಬ್ಯಾಟರಿ ವೈರ್ ಬಿಚ್ಚಿ. ಕ್ಯಾಪ್ ತೆಗೆದು, ಒಂದನೇ ಸಿಲಿಂಡರ್ ಟೈಮಿಂಗ್ ಗುರುತಿಗೆ ಎಂಜಿನ್ ತಿರುಗಿಸಿ ನಿಲ್ಲಿಸಿ. ರೋಟರ್ ಎತ್ತ ಮುಖ ಮಾಡಿದೆ ಅಂತ ಫೋಟೊ ತೆಗೆದುಕೊಳ್ಳಿ. ಪಾಯಿಂಟ್, ಕಂಡೆನ್ಸರ್ ತೆಗೆದು ಮಾಡ್ಯೂಲ್ ಕೂರಿಸಿ. ಅಯಸ್ಕಾಂತದ ಬಳೆಯನ್ನು ಕ್ಯಾಮ್ ಮೇಲೆ ಪೂರ್ತಿ ಒತ್ತಿ. ಬಳೆ ಮತ್ತು ಮಾಡ್ಯೂಲ್ ನಡುವಿನ ಜಾಗ ಚೀಟಿಯಲ್ಲಿ ಹೇಳಿದಷ್ಟೇ ಇರಲಿ, ಎಲ್ಲೂ ತಾಗಬಾರದು. ರೋಟರ್ ಹಾಕಿದ ಮೇಲೆ ಅದು ಮೊದಲಿಗಿಂತ ಎತ್ತರ ಕೂತು ಕ್ಯಾಪ್‌ಗೆ ತಾಗುತ್ತಿದೆಯೇ ನೋಡಿ. ಮೈನಸ್ ಅರ್ಥಿಂಗ್ ಗಾಡಿಯಲ್ಲಿ ಸಾಮಾನ್ಯವಾಗಿ ಕೆಂಪು ವೈರ್ ಕಾಯಿಲ್ ಪ್ಲಸ್‌ಗೆ, ಕಪ್ಪು ವೈರ್ ಕಾಯಿಲ್ ಮೈನಸ್‌ಗೆ. ಬ್ಯಾಲಾಸ್ಟ್ ಇರುವ ಗಾಡಿಯಾದರೆ ಕೆಂಪು ವೈರ್‌ಗೆ ಬ್ಯಾಲಾಸ್ಟ್‌ಗಿಂತ ಮುಂಚಿನ ಪೂರ್ತಿ 12 ವೋಲ್ಟ್ ಕೊಡಬೇಕು. ಒಳಗಿನ ವೈರ್‌ಗಳು ವ್ಯಾಕ್ಯೂಮ್ ಪ್ಲೇಟ್ ಆಡುವಾಗ ಎಳೆಯದಂತೆ ಸ್ವಲ್ಪ ಸಡಿಲ ಬಿಡಿ, ತಿರುಗುವ ಬಳೆಗೆ ಮಾತ್ರ ತಾಗದಿರಲಿ.

ನಂತರ ಟೈಮಿಂಗ್. ಪಾಯಿಂಟ್ ಇದ್ದಾಗಿನ ಟೈಮಿಂಗ್ ಈಗ ಹಾಗೇ ಉಳಿದಿರುವುದಿಲ್ಲ. ಗಾಡಿ ಸ್ಟಾರ್ಟ್ ಆಯಿತು, ಸರಿಯಾಯಿತು ಅಂತ ಬಿಡುವುದೇ ದೊಡ್ಡ ತಪ್ಪು. ಟೈಮಿಂಗ್ ಲೈಟ್ (ಸ್ಪಾರ್ಕ್ ಬಂದಾಗಲೆಲ್ಲ ಮಿಂಚಿ ಗುರುತು ತೋರಿಸುವ ದೀಪ) ಇಟ್ಟು ನೋಡಲೇಬೇಕು. ಡಿಗ್ರಿ ಎಷ್ಟು ಅಂತ ನಿಮ್ಮ ಗಾಡಿಯ ಹ್ಯಾಂಡ್‌ಬುಕ್ ಹೇಳುತ್ತದೆ, ಕಂಪ್ರೆಷನ್ ಮೇಲೆ ಅದು ಬದಲಾಗುತ್ತದೆ. ಫೈರಿಂಗ್ ಆರ್ಡರ್ 1-3-4-2, ರೋಟರ್ ಗಡಿಯಾರಕ್ಕೆ ಎದುರು ದಿಕ್ಕಿಗೆ ತಿರುಗುತ್ತದೆ. ಲೈಟ್ ಹಿಡಿದು ಆಕ್ಸಿಲರೇಟರ್ ನಿಧಾನವಾಗಿ ಏರಿಸಿ. ಗುರುತು ಒಂದೇ ಸಮ ಮುಂದೆ ಸರಿಯಬೇಕು, ಕುಣಿಯಬಾರದು. ಕುಣಿದರೆ ಮತ್ತೆ ಶಾಫ್ಟ್ ಕಡೆಗೇ ಹೋಗಬೇಕು. ಲೋಡ್ ಮೇಲೆ ಮೂರನೇ ಗೇರಿನಲ್ಲಿ ಒತ್ತಿದಾಗ ನಾಕಿಂಗ್ ಕೇಳಿದರೆ ಒಂದೆರಡು ಡಿಗ್ರಿ ಹಿಂದೆ ಇಡಿ.

ಮಾಡ್ಯೂಲ್ ಸಾಯುವುದು ಹೆಚ್ಚಾಗಿ ನಮ್ಮ ಕೈಯಿಂದಲೇ. ಎಂಜಿನ್ ನಿಲ್ಲಿಸಿ ಕೀ ಆನ್‌ನಲ್ಲಿಟ್ಟು ಹಾಡು ಕೇಳುತ್ತಾ ಕೂರಬೇಡಿ, ಕಾಯಿಲ್ ಮತ್ತು ಮಾಡ್ಯೂಲ್ ಎರಡೂ ಬಿಸಿಯಾಗುತ್ತವೆ. ಟೇಪ್‌ಗೆ ಬ್ಯಾಟರಿಯಿಂದ ಫ್ಯೂಸ್ ಹಾಕಿ ಬೇರೆ ವೈರ್ ಎಳೆಸಿ. ಹೆದ್ದಾರಿಯಲ್ಲಿ ಬ್ಯಾಟರಿ ಇಳಿದು ಲಾರಿಯವರು ನೆರವಿಗೆ ಬಂದರೆ ಮೊದಲು ವೋಲ್ಟ್ ಕೇಳಿ. ಎಷ್ಟೋ ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ. ಬಾಡಿ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಮತ್ತು ಮಾಡ್ಯೂಲ್ ವೈರ್ ಬಿಚ್ಚಿಸಿ. ನಿಮ್ಮ ಗಾಡಿಯಲ್ಲಿ ಡೈನಮೊ ಇನ್ನೂ ಇದ್ದರೆ ರಾತ್ರಿ ಹೆಡ್‌ಲೈಟ್ ಹಾಕಿ ನಿಧಾನ ಓಡಿಸುವಾಗ ಚಾರ್ಜ್ ಸಾಲುವುದಿಲ್ಲ. ಬ್ಯಾಟರಿ ಸೋತಿದ್ದಾಗಲೂ ಪಾಯಿಂಟ್ ಹೇಗೋ ಒಂದು ಸ್ಪಾರ್ಕ್ ಕೊಡುತ್ತದೆ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ತುಂಬಾ ಬಿದ್ದರೆ ಮಾಡ್ಯೂಲ್ ಸುಮ್ಮನಾಗಿಬಿಡುತ್ತದೆ. ಒಳ್ಳೆಯ ಬ್ಯಾಟರಿ, ಚೊಕ್ಕ ಟರ್ಮಿನಲ್ ಇರಲಿ.

ಮಾಡ್ಯೂಲ್ ಕೆಟ್ಟರೆ ರಸ್ತೆ ಬದಿಯಲ್ಲಿ ರಿಪೇರಿ ಇಲ್ಲ. ಪಾಯಿಂಟ್ ಆದರೆ ಎಮೆರಿ ಕಾಗದದಲ್ಲಿ ಉಜ್ಜಿ ಮನೆ ಮುಟ್ಟಬಹುದಿತ್ತು. ಇದಕ್ಕೆ ನಾನು ಎಲ್ಲರಿಗೂ ಹೇಳುವ ಉಪಾಯ ಒಂದಿದೆ. ಡಿಸ್ಟ್ರಿಬ್ಯೂಟರ್ ಒಳಗಿನ ಬೇಸ್ ಪ್ಲೇಟ್ ಇನ್ನೊಂದು ಹುಡುಕಿ ಕೊಳ್ಳಿ. ಮಾಡ್ಯೂಲ್ ಅನ್ನು ಅದರ ಮೇಲೆ ಕೂರಿಸಿ. ನಿಮ್ಮ ಒರಿಜಿನಲ್ ಪ್ಲೇಟ್ ಮೇಲೆ ಪಾಯಿಂಟ್ ಮತ್ತು ಪರೀಕ್ಷೆ ಮಾಡಿದ ಕಂಡೆನ್ಸರ್ ಹಾಗೇ ಇರಲಿ, ಒಂದು ಡಬ್ಬಿಯಲ್ಲಿ ಹಾಕಿ ಫೀಲರ್ ಗೇಜ್, ಸ್ಕ್ರೂ ಡ್ರೈವರ್ ಜೊತೆ ಡಿಕ್ಕಿಯಲ್ಲಿಡಿ. ದಾರಿಯಲ್ಲಿ ಮಾಡ್ಯೂಲ್ ಕೈಕೊಟ್ಟರೆ ಪ್ಲೇಟ್ ಬದಲಿಸಿ, ಗ್ಯಾಪ್ ಇಟ್ಟು ಮುಂದೆ ಹೋಗಬಹುದು. ಮನೆಯಲ್ಲಿ ಒಮ್ಮೆ ಬದಲಿಸಿ ಅಭ್ಯಾಸ ಮಾಡಿಕೊಳ್ಳಿ. ಪಾಯಿಂಟ್ ಸೆಟ್ ಮಾಡುವುದನ್ನು ನಿಮ್ಮ ಹಳೆಯ ಮಿಸ್ತ್ರಿಯವರ ಹತ್ತಿರ ಕೂತು ಕಲಿತುಬಿಡಿ. ಕೆಲಸ ಬಿಟ್ಟಿದ್ದರೂ ಹೇಳಿಕೊಡಲು ಅವರು ಇಲ್ಲ ಅನ್ನಲಾರರು.

ವಿಂಟೇಜ್ ನೋಂದಣಿಯ ಮಾತಿಗೆ ಬಂದರೆ, ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮದಲ್ಲಿ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿ ವಿಂಟೇಜ್ ಆಗುತ್ತದೆ. ಚಾಸಿ, ಬಾಡಿ ಶೆಲ್, ಎಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ಕೂರುವ, ಯಾವಾಗ ಬೇಕಾದರೂ ತೆಗೆಯಬಹುದಾದ ಮಾಡ್ಯೂಲ್ ಆ ಸಾಲಿಗೆ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ತೂತು ಕೊರೆಯಬೇಡಿ, ಹಳೆಯ ವೈರಿಂಗ್ ಕತ್ತರಿಸಬೇಡಿ, ಸಾಕು. ಪರಿಶೀಲನೆಯ ದಿನ ಬೇಕಿದ್ದರೆ ಡಬ್ಬಿಯಲ್ಲಿರುವ ಒರಿಜಿನಲ್ ಪ್ಲೇಟ್ ಹಾಕಿಕೊಂಡೇ ಹೋಗಬಹುದು. ಆದರೆ ಬೇರೆ ಒಂದು ವಿಷಯ ಯೋಚಿಸಿ. ವಿಂಟೇಜ್ ನೋಂದಣಿ ಆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥವಕ್ಕಷ್ಟೇ ರಸ್ತೆಗೆ ತರಬಹುದು. ನೀವು ಇದರಲ್ಲೇ ಆಗಾಗ ಕಲಬುರಗಿಗೆ ಬಂದು ಹೋಗುವವರು. ಹಾಗಾದರೆ ಈಗಿರುವ ಆರ್‌ಸಿಯನ್ನೇ ನವೀಕರಿಸುತ್ತಾ ಹೋಗುವುದು ನಿಮಗೆ ಒಳ್ಳೆಯದು. ಆರ್‌ಟಿಒ ಕಚೇರಿಯಲ್ಲಿ ಇದನ್ನು ಕೇಳಿ ತಿಳಿದುಕೊಂಡ ಮೇಲೆಯೇ ವಿಂಟೇಜ್ ಅರ್ಜಿ ಹಾಕಿ.